ಪಿತ್ತಳಿಯ ಬೆಸುಗೆ: ಉಗಾರದ ಮಿಸ್ತ್ರಿ ಕಾಕಾನಿಗೆ

ತೀರ್ಥರೂಪ ಸಮಾನರಾದ ಮಿಸ್ತ್ರಿ ಕಾಕಾ ಅವರಿಗೆ,

ಈ ಕಾಗದದ ಮೇಲೆ ವಿಳಾಸ ಬರೆದಿಲ್ಲ. 2005ರ ಮಳೆಗಾಲದಲ್ಲಿ ಕೃಷ್ಣೆ ಉಕ್ಕಿ ಬಂದು ಇಳಿದ ಮೇಲೆ ನೀವು ಅಂಗಡಿಯ ಹಲಗೆ ಬಾಗಿಲು ಎಳೆದುಕೊಂಡು ಹೋದಿರಿ. ಇಚಲಕರಂಜಿಯ ಮಗಳ ಮನೆಗೆ ಹೋದರು ಅಂತ ಒಬ್ಬರು ಅಂದರು, ಮಿರಜಿನಲ್ಲಿ ನೋಡಿದೆ ಅಂತ ಇನ್ನೊಬ್ಬರು. ಎರಡೂ ಕಡೆ ಹೋಗಿ ಕೇಳಿ ಬಂದೆ. ಸುಳಿವು ಸಿಗಲಿಲ್ಲ. ಉಗಾರ ಖುರ್ದದ ಆ ರಸ್ತೆಯಲ್ಲಿ ನಿಮ್ಮ ಅಂಗಡಿ ಇದ್ದ ಜಾಗದಲ್ಲಿ ಈಗ ಮೊಬೈಲ್ ರಿಪೇರಿ ಮಾಡುತ್ತಾರೆ. ಬೇವಿನ ಗಿಡ ಇದೆ. ನೀವು ಸೈಕಲ್ ತೂಗುಹಾಕುತ್ತಿದ್ದ ಕೊಂಡಿಯೂ ಆ ಗಿಡದಲ್ಲಿ ಹಾಗೇ ಇದೆ, ತೊಗಟೆ ಅದನ್ನು ಅರ್ಧ ನುಂಗಿದೆ.

ನಿಮಗೆ ಹೇಳಲೇಬೇಕಾದ ಒಂದು ಸುದ್ದಿ ಇದೆ. ಅದಕ್ಕೂ ಮೊದಲು ನನ್ನ ಗುರುತು ಹೇಳುತ್ತೇನೆ. ತಾಸಿನ ಲೆಕ್ಕದಲ್ಲಿ ಸಣ್ಣ ಸೈಕಲ್ ಒಯ್ದು ಶೇಡಬಾಳದ ದಾರಿಯಲ್ಲಿ ಒಳಪೆಡಲ್ ಹೊಡೆಯಲು ಕಲಿತು, ಮೊಣಕಾಲು ಕೆತ್ತಿಸಿಕೊಂಡು ಬಂದವನಿಗೆ ನೀವು ಸೀಮೆಎಣ್ಣೆಯ ಅರಿವೆಯಿಂದಲೇ ಗಾಯ ಒರೆಸಿದ್ದಿರಿ. ಅವನೇ ನಾನು, ಹಾಲಿನ ಕ್ಯಾನಿನ ಅಟ್ಲಾಸ್ ತುಳಿಯುತ್ತಿದ್ದವರ ಮಗ.

ಆಗ ಸಕ್ಕರೆ ಕಾರ್ಖಾನೆಯ ಭೋಂಗಾ ಊದಿದರೆ ನಿಮ್ಮ ಅಂಗಡಿಯ ಮುಂದೆ ಸೈಕಲ್ಲಿನ ಹೊಳೆ ಹರಿಯುತ್ತಿತ್ತು. 1939ರಲ್ಲಿ ಶುರುವಾದ ಕಂಪನಿ ಅದು. ಒಂದು ಪಾಳಿಯವರು ಬಿಡುವುದು, ಇನ್ನೊಂದು ಪಾಳಿಯವರು ಹೊಗುವುದು ಒಂದೇ ಹೊತ್ತಿಗೆ. ಅಟ್ಲಾಸ್, ಹೀರೋ, ಹರ್ಕ್ಯುಲಿಸ್, ಎಲ್ಲೋ ಒಂದು ರ‍್ಯಾಲಿ. ಎಲ್ಲ ಕಪ್ಪು ಬಣ್ಣ, ಎಲ್ಲಕ್ಕೂ 28 ಇಂಚಿನ ಗಾಲಿ, ಕಂಬಿಯ ಬ್ರೇಕು, ಒಂದೊಂದೂ ಹತ್ತಿರ ಹತ್ತಿರ 20 ಕಿಲೋ ತೂಕ. ಅದರ ಮೇಲೆ ಕಬ್ಬಿನ ಹೊರೆ, ಹಿಟ್ಟಿನ ಚೀಲ, ಮುಂದೆ ಡಂಡಿಯ ಮೇಲೆ ಒಂದು ಮಗು, ಹಿಂದೆ ಕ್ಯಾರಿಯರ್ ಮೇಲೆ ತವರಿಗೆ ಹೊರಟ ಹೆಣ್ಣುಮಗಳು. ಅಥಣಿ, ಕಾಗವಾಡದ ಕಡೆಯ ಎರೆ ನೆಲ ಅಂಗೈಯಂತೆ ಸಮ ಇರುವುದರಿಂದ ಗೇರಿನ ಹಂಗು ಯಾರಿಗೂ ಬೀಳಲಿಲ್ಲ. ನಿಪ್ಪಾಣಿಯ ಕಡೆ ತವಂದಿ ಘಾಟ ಏರುವವರು ಮಾತ್ರ ಇಳಿದು ನೂಕಿಕೊಂಡು ಹೋಗುತ್ತಿದ್ದರು.

ಯಾರೇ ಸೈಕಲ್ ತಂದರೂ ನೀವು ಮೊದಲು ಏನೂ ಕೇಳುತ್ತಿರಲಿಲ್ಲ. ಹಿಂದಿನ ಗಾಲಿಯನ್ನು ಗೇಣುದ್ದ ಎತ್ತಿ ನೆಲಕ್ಕೆ ಬಿಡುತ್ತಿದ್ದಿರಿ. ಆ ಸದ್ದು ಕೇಳಿ, ಛರ್ರೆ ಸವೆದಿದೆಯೋ, ಚಿಮಟಾ ಸಡಿಲಾಗಿದೆಯೋ, ಫ್ರೇಮೇ ಬಿರುಕು ಬಿಟ್ಟಿದೆಯೋ ಹೇಳುತ್ತಿದ್ದಿರಿ. "ಗಾಡಿ ತನ್ನ ಬ್ಯಾನಿ ತಾನ ಹೇಳತೈತಿ ತಮ್ಮಾ, ನಾವ ಕೇಳಂಗಿಲ್ಲ" ಅನ್ನುತ್ತಿದ್ದಿರಿ.

ಅಪ್ಪನ ಅಟ್ಲಾಸಿನ ಫ್ರೇಮು ಸೀಟಿನ ಕೆಳಗೆ ಸೀಳಿದ ದಿನ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಎರಡೂ ಕಡೆ ತುಂಬಿದ ಕ್ಯಾನು ಹೇರಿಕೊಂಡು ಹೊಳೆದಂಡೆಯ ಕೊರಕಲು ಹಾದಿಯಲ್ಲಿ ವರ್ಷಗಟ್ಟಲೆ ತುಳಿದದ್ದಕ್ಕೆ ಕಬ್ಬಿಣವೂ ದಣಿದಿತ್ತು. ಟ್ರ್ಯಾಕ್ಟರ್ ಗ್ಯಾರೇಜಿನಲ್ಲಿ ಐದು ನಿಮಿಷದ ಕೆಲಸ ಅಂತ ಅಪ್ಪ ಹೊರಟಾಗ ನೀವು ಹ್ಯಾಂಡಲ್ ಹಿಡಿದು ನಿಲ್ಲಿಸಿದಿರಿ. "ಕರೆಂಟ್ ವೆಲ್ಡಿಂಗ್ ಹಚ್ಚಬ್ಯಾಡ್ರಿ ಗೌಡ್ರ. ಪೈಪ್ ಸುಟ್ಟು ಹೋಕ್ಕೈತಿ, ಬಾಜೂಕ ಮತ್ತ ಸೀಳತೈತಿ. ಪಿತ್ತಳಿ ಹಚ್ಚೂಣು." ಜಾಯಿಂಟಿನ ಬಣ್ಣ ಕೆತ್ತಿ, ಉಕ್ಕು ಕೆಂಪಗೆ ಕಾಯುವವರೆಗೆ ಗ್ಯಾಸಿನ ಉರಿ ಹಿಡಿದು, ಟಾಕಣಖಾರ ಉದುರಿಸಿ, ಹಿತ್ತಾಳೆಯ ಕಡ್ಡಿ ತಾಗಿಸಿದಿರಿ. ಹಿತ್ತಾಳೆ ನೀರಾಗಿ ಸಂದಿಯೊಳಗೆ ತಾನಾಗಿ ಎಳೆದುಕೊಂಡು ಹೋಯಿತು. ಉಕ್ಕು ಕರಗಲು ಸುಮಾರು 1500 ಡಿಗ್ರಿ ಬೇಕು, ಹಿತ್ತಾಳೆಗೆ 900ರ ಆಜುಬಾಜು ಸಾಕು. ಆದ್ದರಿಂದ ಪೈಪು ತನ್ನ ಗಟ್ಟಿತನ ಉಳಿಸಿಕೊಳ್ಳುತ್ತದೆ. ಇದನ್ನು ನಾನು ಮುಂದೆ ಪುಸ್ತಕದಲ್ಲಿ ಓದಿದೆ. ನೀವು ಮಿರಜಿನ ಉಸ್ತಾದರ ಕೈಕೆಳಗೆ ನೋಡಿ ಕಲಿತಿದ್ದಿರಿ. ಆ ಅಟ್ಲಾಸ್ ಅಪ್ಪನನ್ನು ಕೊನೆಯವರೆಗೂ ಹೊತ್ತಿತು.

ಈಗ ಸುದ್ದಿ ಹೇಳುತ್ತೇನೆ. ನನ್ನ ಮಗ ಅಮೇರಿಕದಲ್ಲಿದ್ದಾನೆ. ಕಳೆದ ಸಲ ಹೋದಾಗ ಅವನ ಕಾರು ನಿಲ್ಲಿಸುವ ಕೋಣೆಯ ಗೋಡೆಗೆ ಒಂದು ಹಳೆಯ ಸೈಕಲ್ ತೂಗುಹಾಕಿತ್ತು. ಮಿಯಾತಾ, ಜಪಾನಿನದು, 1980ರ ದಶಕದ ಆರಂಭದ್ದು. ಕಡುನೀಲಿ ಬಣ್ಣ, ತೆಳ್ಳನೆಯ ಪೈಪು, ಎಲ್ಲ ನೇರ ಗೆರೆ. ಹಳೆಯ ಸಾಮಾನಿನ ಸಂತೆಯಲ್ಲಿ ಕೊಂಡನಂತೆ. ನಾನು ಇಳಿಸಿ ಒಂದು ಕೈಯಲ್ಲಿ ಎತ್ತಿದೆ, ಮೇಲೇರಿಬಿಟ್ಟಿತು. 11 ಕಿಲೋ ಇದ್ದೀತು. ನಿಮ್ಮಂತೆ ಹಿಂದಿನ ಗಾಲಿ ಗೇಣುದ್ದ ಎತ್ತಿ ಬಿಟ್ಟೆ. ದೇವಸ್ಥಾನದ ಸಣ್ಣ ಗಂಟೆಯನ್ನು ಉಗುರಿನಿಂದ ಬಡಿದಂತೆ ಒಂದು ಸ್ವರ ಬಂತು. ಬಗ್ಗಿ ಜಾಯಿಂಟು ನೋಡಿದೆ. ಒಂದು ಕಡೆ ಬಣ್ಣ ಹಾರಿ, ಒಳಗಿನ ಹಳದಿ ಗೆರೆ ಕಾಣುತ್ತಿತ್ತು. ಪಿತ್ತಳಿ, ಕಾಕಾ. ಉಗಾರದ ಬೇವಿನ ಗಿಡದ ಕೆಳಗಿನ ಅದೇ ಪಿತ್ತಳಿ.

ಅಂದಿನಿಂದ ನಾನು ಜಪಾನಿನ ಸೈಕಲ್ಲುಗಳ ಬೆನ್ನು ಹತ್ತಿದೆ. ಸಾಕಾಯಿ ಅಂತ ಒಸಾಕಾದ ಪಕ್ಕದ ಊರು. ನಾನೂರು ವರ್ಷಗಳಿಗೂ ಹಿಂದೆ ಅಲ್ಲಿಯ ಕಂಬಾರರು ಕೋವಿ ಮಾಡುತ್ತಿದ್ದರು, ಚಾಕು ಕತ್ತಿ ಮಾಡುತ್ತಿದ್ದರು. ಕೋವಿಯ ನಳಿಗೆ ಕೊರೆದ ಕೈಗೆ ಸೈಕಲ್ಲಿನ ಪೈಪು ಹೊಸದೇನಲ್ಲ. 1921ರಲ್ಲಿ ಶಿಮಾನೋ ಅನ್ನುವವರು ಅದೇ ಊರಲ್ಲಿ ಫ್ರೀವೀಲ್ ಮಾಡುವ ಕಬ್ಬಿಣದ ಅಂಗಡಿ ಇಟ್ಟರು. ತೋಕಿಯೋದ ಮಿಯಾತಾ ಕೂಡ ಮೊದಲು ಬಂದೂಕಿನ ಕಾರ್ಖಾನೆಯೇ. ಅವರ ಮೊದಲ ಸೈಕಲ್ ಹೊರಬಂದದ್ದು 1890ರಲ್ಲಿ.

ಅವರ ಪೈಪಿನ ಗುಟ್ಟು ನಿಮಗೆ ಹೇಳಬೇಕು, ನೀವು ಕೇಳಿ ಖುಷಿಪಡುವ ಮಾತಿದು. ನಮ್ಮ ಸೈಕಲ್ಲಿನ ಪೈಪು ಉದ್ದಕ್ಕೂ ಒಂದೇ ದಪ್ಪ. ಅವರು ಉಕ್ಕಿಗೆ ಕ್ರೋಮಿಯಂ, ಮಾಲಿಬ್ಡಿನಂ ಬೆರೆಸಿದರು. ಆ ಉಕ್ಕಿನ ಬಲ ಹೆಚ್ಚು, ಆದ್ದರಿಂದ ಪೈಪಿನ ಗೋಡೆಯನ್ನು ತೆಳ್ಳಗೆ ಎಳೆಯಬಹುದು. ಆದರೆ ಬೆಸುಗೆಯ ಉರಿ ತಾಗುವುದು ಎರಡು ತುದಿಗೆ, ಭಾರ ಜಗ್ಗುವುದೂ ಅಲ್ಲೇ. ಹಾಗಾಗಿ ಹೊರಗೆ ಒಂದೇ ಸಮ ಕಾಣುವ ಪೈಪನ್ನು ಒಳಗಿನಿಂದ ತುದಿಗಳಲ್ಲಿ ದಪ್ಪ, ನಡುವೆ ತೆಳ್ಳಗೆ ಮಾಡಿದರು. ತಾಂಗೆ, ಇಶಿವಾತಾ ಅನ್ನುವ ಎರಡು ಕಂಪನಿಗಳು ಇಂಥ ಪೈಪಿಗೇ ಹೆಸರಾದವು. ಮಿಯಾತಾ ತನ್ನ ಪೈಪು ತಾನೇ ಎಳೆಯುತ್ತಿತ್ತು. ನಡುವೆ ತೆಳ್ಳಗಿರುವುದರಿಂದ ಆ ಸೈಕಲ್ ರಸ್ತೆಯ ನಡುಕವನ್ನು ತುಸು ನುಂಗುತ್ತದೆ, ತುಸು ಬಾಗಿ ಮತ್ತೆ ನೆಟ್ಟಗಾಗುತ್ತದೆ ಅನ್ನುತ್ತಾರೆ. ಮಗನ ಊರಲ್ಲಿ ಅರ್ಧ ತಾಸು ತುಳಿದೆ. ಅರವತ್ತರ ಕಾಲಿಗೆ ಅದು ಎದುರು ಮಾತಾಡಲಿಲ್ಲ.

ಅದರ ಹಿಂದಿನ ಗೇರು ಸನ್‌ಟೂರ್ ಕಂಪನಿಯದು. ಸರಪಳಿಯನ್ನು ಒಂದು ಹಲ್ಲುಗಾಲಿಯಿಂದ ಇನ್ನೊಂದಕ್ಕೆ ದಾಟಿಸುವ ತೋಳನ್ನು ಅವರು 1964ರಲ್ಲಿ ಓರೆಯಾಗಿ ಕೂಡಿಸಿದರು. ಹಲ್ಲುಗಾಲಿಗಳು ಸಣ್ಣದರಿಂದ ದೊಡ್ಡದಕ್ಕೆ ಓರೆಯಾಗಿ ಏರುತ್ತವಲ್ಲ, ತೋಳೂ ಅದೇ ಓರೆಯಲ್ಲಿ ಜೊತೆಗೆ ಏರುತ್ತದೆ. ಇಷ್ಟೇ ವಿಷಯ. ಆ ಪೇಟೆಂಟಿನ ಅವಧಿ 1984ಕ್ಕೆ ಮುಗಿಯಿತು, ಇವತ್ತು ಜಗತ್ತಿನ ಹೆಚ್ಚಿನ ಗೇರ್ ಸೈಕಲ್ಲುಗಳು ಆ ಓರೆಯ ಮೇಲೇ ನಿಂತಿವೆ. ಸ್ಕ್ರೂಡ್ರೈವರ್ ಒಂದಿದ್ದರೆ ಅದನ್ನು ನೀವು ಮೊದಲ ದಿನವೇ ಹೊಂದಿಸುತ್ತಿದ್ದಿರಿ. ತವಂದಿ ಘಾಟದ ಬುಡದಲ್ಲಿ ಇಳಿದು ನೂಕಿದ ಆ ಹಾಲಿನವರು, ತಂಬಾಕಿನವರು ನನಗೆ ನೆನಪಾದರು.

ಆ ಸೈಕಲ್ಲುಗಳ ಕಾಲವೂ ಮುಗಿಯಿತು. 1985ರಲ್ಲಿ ದೊಡ್ಡ ದೇಶಗಳು ಕೂಡಿ ಡಾಲರ್ ಇಳಿಸುವ ಒಪ್ಪಂದ ಮಾಡಿಕೊಂಡವು. ಡಾಲರಿಗೆ 240 ಯೆನ್ ಇದ್ದದ್ದು ಎರಡೇ ವರ್ಷದಲ್ಲಿ 150ರ ಕೆಳಗೆ ಬಂತು. ಜಪಾನಿನ ಸೈಕಲ್ ಅಮೇರಿಕದಲ್ಲಿ ತುಟ್ಟಿಯಾಯಿತು, ಕೆಲಸ ತೈವಾನಿಗೆ ಹೋಯಿತು, ಮುಂದೆ ಅಲ್ಯೂಮಿನಿಯಂ ಬಂತು, ಕಾರ್ಬನ್ ಬಂತು.

ಆದರೂ ಜಪಾನಿನಲ್ಲಿ ಉಕ್ಕು ಸಾಯಲಿಲ್ಲ. ಈ ಕಾಗದ ಬರೆಯಲು ಕೂತದ್ದೇ ಇದನ್ನು ಹೇಳಲು. ಯುದ್ಧದಲ್ಲಿ ಸುಟ್ಟ ಊರುಗಳನ್ನು ಮತ್ತೆ ಕಟ್ಟಲು ಹಣ ಬೇಕಾದಾಗ, 1948ರಲ್ಲಿ ಕೊಕುರಾ ಎಂಬ ಊರಲ್ಲಿ ಸೈಕಲ್ ಶರ್ಯತ್ತು ಶುರು ಮಾಡಿದರು. ಅದಕ್ಕೆ ಕೇರಿನ್ ಅನ್ನುತ್ತಾರೆ. ಜನ ಹಣ ಕಟ್ಟುತ್ತಾರೆ, ಅದರಲ್ಲೊಂದು ಪಾಲು ಊರಿನ ಬೊಕ್ಕಸಕ್ಕೆ ಹೋಗುತ್ತದೆ. ಹಣದ ಆಟ ಅಂದ ಮೇಲೆ ಸಾಮಾನಿನಲ್ಲಿ ಮೇಲು ಕೀಳು ಇರಬಾರದು, ಗೆದ್ದರೆ ಕಾಲು ಗೆಲ್ಲಬೇಕು. ಅದಕ್ಕೆ ನಿಯಮ ಮಾಡಿದರು: ಉಕ್ಕಿನ ಫ್ರೇಮು, ಒಂದೇ ಗೇರು, ಒಪ್ಪಿಗೆ ಪಡೆದ ತಯಾರಕರು ಮಾಡಿದ ಸಾಮಾನು, ಅದರ ಮೇಲೆ ಎನ್‌ಜೆಎಸ್ ಮುದ್ರೆ. 2000ದಲ್ಲಿ ಕೇರಿನ್ ಒಲಿಂಪಿಕ್ಸಿಗೂ ಹೋಯಿತು, ಅಲ್ಲಿ ಕಾರ್ಬನ್ ಓಡುತ್ತದೆ. ಆದರೆ ತವರಿನ ಗಂಡಸರ ಮಾಮೂಲು ಕೇರಿನ್‌ನಲ್ಲಿ ಉಕ್ಕಿನ ನಿಯಮ ಬಿಡಲಿಲ್ಲ. ಆ ಒಂದು ನಿಯಮದ ನೆರಳಿನಲ್ಲಿ ಒಂದೊಂದು ಕೋಣೆಯ ಸಣ್ಣ ಸಣ್ಣ ಅಂಗಡಿಗಳು ಬದುಕಿದವು, ಗ್ಯಾಸಿನ ಉರಿ ಆರಲಿಲ್ಲ.

ಅವರಲ್ಲಿ ಒಬ್ಬರು ಯೋಶಿಯಾಕಿ ನಾಗಸಾವಾ. 1970ರ ಸುಮಾರಿಗೆ ಇಟಲಿಗೆ ಹೋಗಿ ಪೊಲ್ಯಾಗಿ, ದೆ ರೋಸಾ ಎಂಬ ಇಬ್ಬರು ಉಸ್ತಾದರ ಕೈಕೆಳಗೆ ಬೆಸುಗೆ ಕಲಿತು ಬಂದರು. ಅವರು ಕಟ್ಟಿಕೊಟ್ಟ ಫ್ರೇಮಿನ ಮೇಲೆ ಕೊಯಿಚಿ ನಕಾನೋ 1977ರಿಂದ 1986ರವರೆಗೆ ಸತತ 10 ವರ್ಷ ವೃತ್ತಿಪರರ ಸ್ಪ್ರಿಂಟಿನಲ್ಲಿ ವಿಶ್ವ ಚಾಂಪಿಯನ್ ಆದರು. ಸೈಕಲ್ ಬಲ್ಲವರು ನಕಾನೋ ಹೆಸರಿನ ಜೊತೆಗೇ ನಾಗಸಾವಾ ಹೆಸರನ್ನೂ ಹೇಳುತ್ತಾರೆ.

ನಮ್ಮ ಕಡೆಯದು ಹೇಳಲು ಮನಸ್ಸು ಹಿಂಜರಿಯುತ್ತದೆ. 1951ರಲ್ಲಿ ಸೋನಿಪತ್‌ನಲ್ಲಿ ಹುಟ್ಟಿದ ಅಟ್ಲಾಸ್ ಕಂಪನಿ ಸಾಹಿಬಾಬಾದಿನ ತನ್ನ ಕಾರ್ಖಾನೆಯನ್ನು 2020ರ ಜೂನ್ 3ರಂದು ನಿಲ್ಲಿಸಿತು. ಅದು ವಿಶ್ವ ಸೈಕಲ್ ದಿನ. ಅಪ್ಪನ ಅಟ್ಲಾಸನ್ನು ನಾನು ಅದಕ್ಕೂ ಮೊದಲೇ ಮೋಡಕಾದವನಿಗೆ ಕಿಲೋ ಲೆಕ್ಕದಲ್ಲಿ ತೂಗಿ ಕೊಟ್ಟಿದ್ದೆ, ಮನೆ ಕಟ್ಟಿಸುವಾಗ ಜಾಗ ಸಾಲದು ಅಂತ. ಅವನು ತಕ್ಕಡಿಗೆ ಎಸೆದಾಗ ಆ ಫ್ರೇಮು ಸದ್ದು ಮಾಡಿತು. ನಿಮ್ಮ ಪಿತ್ತಳಿಯ ಜಾಯಿಂಟು ಬಿಟ್ಟಿರಲಿಲ್ಲ. ಈ ತಪ್ಪನ್ನು ನಿಮ್ಮೆದುರು ಒಪ್ಪಿಕೊಳ್ಳದೆ ನನಗೆ ಬೇರೆ ದಾರಿಯಿಲ್ಲ.

ನಮ್ಮಲ್ಲಿ ಕೈಕೆಲಸಕ್ಕೆ ಮರ್ಯಾದೆಯೇ ಇಲ್ಲ ಅಂತಲ್ಲ, ಅಥಣಿಯ ಚಪ್ಪಲಿಗೆ ಈಗ ಅದು ಬಂದಿದೆ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಗುರುತು ಸಿಕ್ಕಾಗ ನಮ್ಮ ಬೆಳಗಾವಿ ಜಿಲ್ಲೆಯೂ ಅದರಲ್ಲಿ ಸೇರಿತು. ಚರ್ಮ ಹೊಲೆಯುವ ಕೈಗೆ ಕಾಗದದ ಮೇಲಾದರೂ ಜಾಗ ಆಯಿತು. ಆದರೆ ಚಿಕ್ಕೋಡಿ, ರಾಯಬಾಗ, ನಿಪ್ಪಾಣಿಯ ಬಸ್‌ಸ್ಟ್ಯಾಂಡಿನ ಪಕ್ಕ ಕೂತು ಮೂರು ತಲೆಮಾರಿನ ಓಡಾಟ ಕಾಯ್ದ ಸೈಕಲ್ ಮಿಸ್ತ್ರಿಗಳ ಹೆಸರು ಎಲ್ಲಿಯೂ ಬರೆದಿಲ್ಲ.

ನಿಮಗೆ ನಮ್ಮೂರ ಜಾತ್ರೆಯ ಆ ಶರ್ಯತ್ತು ನೆನಪಿದೆಯೇ? ಬೆಳಿಗ್ಗೆ ಎತ್ತಿನ ಗಾಡಿ, ಆಮೇಲೆ ಕುದುರೆ ಗಾಡಿ, ಕೊನೆಗೆ ಸಾದಾ ಸೈಕಲ್. ಓಡುವ ಹುಡುಗ ಹಿಂದಿನ ರಾತ್ರಿ ನಿಮ್ಮ ಹತ್ತಿರ ಬಂದಿದ್ದ. ಮಡಗಾರ್ಡು, ಕ್ಯಾರಿಯರು, ಸ್ಟ್ಯಾಂಡು, ಚೈನ್ ಕವರು ಎಲ್ಲ ಬಿಚ್ಚಿ ಹಾಕಿದಿರಿ. ಹ್ಯಾಂಡಲ್ ತಲೆಕೆಳಗು ಮಾಡಿ ಬಿಗಿದಿರಿ. ಛರ್ರೆಯನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿ, ಹಳೇ ಗ್ರೀಸು ತೊಳೆದು, ತೆಳ್ಳನೆಯ ಎಣ್ಣೆ ಬಿಟ್ಟಿರಿ. ಗಾಲಿ ತಿರುಗಿಸಿ ಬಿಟ್ಟಿರಿ, ನಾನು ನೂರು ಎಣಿಸಿದರೂ ಅದು ನಿಲ್ಲಲಿಲ್ಲ. ಮರುದಿನ ಹುಡುಗ ಗೆದ್ದ. ಮೈಕಿನಲ್ಲಿ ಅವನ ಹೆಸರು, ಅವರಪ್ಪನ ಹೆಸರು, ಬಹುಮಾನದ ತಾಮ್ರದ ಹಂಡೆ ಕೊಟ್ಟವರ ಹೆಸರು ಕೂಗಿದರು. ಗುಲಾಲು ಹಾರಿತು. ನೀವು ಚಹಾದ ಗಾಡಿಯ ಹಿಂದೆ ಗ್ರೀಸಿನ ಕೈ ಒರೆಸಿಕೊಳ್ಳುತ್ತ ನಿಂತಿದ್ದಿರಿ.

ಸೈಕಲ್ಲನ್ನು ಪ್ರೀತಿಸಿದವರು ನಮ್ಮಲ್ಲೂ ಕಡಿಮೆ ಇರಲಿಲ್ಲ, ಕಾಕಾ. ವಿಜಯಪುರ, ಬಾಗಲಕೋಟೆಯ ಹುಡುಗ ಹುಡುಗಿಯರು ಇವತ್ತಿಗೂ ರಾಷ್ಟ್ರಮಟ್ಟದ ಸೈಕ್ಲಿಂಗ್‌ನಲ್ಲಿ ಪದಕ ತರುತ್ತಾರೆ. ನಮ್ಮಲ್ಲಿ ಇಲ್ಲದ್ದು ಕೇರಿನ್‌ನಂಥ ನಿಯಮ ಒಂದೇ. ಉಕ್ಕಿನ ಸೈಕಲ್ಲಿಗೆ ವರ್ಷಕ್ಕೊಂದು ಸಲ ಕೆಲಸ ಕೊಡುವ, ಅದನ್ನು ಸಜ್ಜು ಮಾಡುವ ಕೈಗೆ ಕೂಲಿ ಕೊಡುವ ಒಂದು ಸಾಲು.

ಆದ್ದರಿಂದ ಈ ಕಾಗದ ನಿಮಗೆ ತಲುಪದಿದ್ದರೂ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಜಾತ್ರಾ ಕಮಿಟಿಯ ಹಿರಿಯರಿಗೆ ತಲುಪಲಿ. ಹಿರಿಯರೇ, ಗೇರ್ ಸೈಕಲ್ಲಿನ ಶರ್ಯತ್ತು ಇಡಿರಿ, ಬೇಡ ಅನ್ನುವುದಿಲ್ಲ. ಅದರ ಜೊತೆಗೆ ಉಕ್ಕಿನ ಸಾದಾ ಸೈಕಲ್ಲಿಗೆ ಒಂದು ಓಟ ಇಡುವುದನ್ನು ಬಿಡಬೇಡಿರಿ: 28 ಇಂಚಿನ ಗಾಲಿ, ಒಂದೇ ಗೇರು, ಹೊರಗಿನ ಸಾಮಾನು ಇಲ್ಲ. ಕರಪತ್ರದಲ್ಲಿ ಆ ನಿಯಮ ದಪ್ಪಕ್ಷರದಲ್ಲಿ ಅಚ್ಚಾಗಲಿ. ಮತ್ತು ಗೆದ್ದವನ ಹೆಸರು ಮೈಕಿನಲ್ಲಿ ಕೂಗುವಾಗ, ಹಿಂದಿನ ರಾತ್ರಿ ಆ ಸೈಕಲ್ ಸಜ್ಜು ಮಾಡಿದ ಮಿಸ್ತ್ರಿಯ ಹೆಸರನ್ನೂ ಅದರ ಜೊತೆಗೇ ಕೂಗಿರಿ.

ನಿಮ್ಮ,
ಹಾಲಿನವರ ಮಗ