ಲೇಹ್ ದಾರಿಯಲ್ಲಿ ನಾಲ್ಕು ಸೈಕಲ್ಲುಗಳು

ಸೆಪ್ಟೆಂಬರಿನ ಮೊದಲ ವಾರ. ಕುಲು ಕಣಿವೆಯಲ್ಲಿ ಸೇಬಿನ ಸುಗ್ಗಿ. ಮನಾಲಿಯ ವಸತಿಗೃಹವೊಂದರ ಅಂಗಳದಲ್ಲಿ, ಮುಂಜಾವಿನ ಮಬ್ಬು ಬೆಳಕಿನಲ್ಲಿ, ನಾಲ್ಕು ಸೈಕಲ್ಲುಗಳು ಗೋಡೆಗೊರಗಿ ನಿಂತಿದ್ದುವು. ಅವುಗಳ ಒಡೆಯರು ಬೆಂಗಳೂರಿನ ನಾಲ್ವರು ಗೆಳೆಯರು; ಕಾಲೇಜಿನ ದಿನಗಳಲ್ಲಿ ಪಂತ ಕಟ್ಟಿ ನಂದಿಬೆಟ್ಟವನ್ನು ಹತ್ತಿದವರು. ರೋಹ್ತಾಂಗ್ ದಾಟಿ, ಲಡಾಖಿನ ಲೇಹ್ ಪಟ್ಟಣವನ್ನು ಮುಟ್ಟಬೇಕೆಂಬುದು ಅವರ ಬಹುಕಾಲದ ಹಂಬಲ. ದೂರ ಸುಮಾರು 470 ಕಿಲೋಮೀಟರು.

ಆದರೆ ಈ ದಾರಿಯನ್ನು ದೂರದಿಂದ ಅಳೆಯುವಂತಿಲ್ಲ, ಎತ್ತರದಿಂದ ಅಳೆಯಬೇಕು. ಮನಾಲಿ ಇರುವುದು ಸುಮಾರು 2,000 ಮೀಟರಿನ ಎತ್ತರದಲ್ಲಿ. ಐವತ್ತು ಕಿಲೋಮೀಟರು ಕಳೆಯುವಷ್ಟರಲ್ಲಿ ರೋಹ್ತಾಂಗ್ ಕಂಡಿ 3,978 ಮೀಟರಿಗೆ ಏರಿರುತ್ತದೆ. ಆಚೆಗೆ ಬಾರಾಲಾಚಾ, ಲಾಚುಂಗ್, ಕೊನೆಗೆ 5,300 ಮೀಟರನ್ನು ಮೀರಿದ ತಗ್ಲಾಂಗ್. ಅಲ್ಲಿ ಒಂದು ಉಸಿರಿಗೆ ದೊರೆಯುವ ಪ್ರಾಣವಾಯು ಕಡಲ ತೀರದಲ್ಲಿ ದೊರೆಯುವುದರ ಸರಿಸುಮಾರು ಅರ್ಧ. 2020ರ ಅಕ್ಟೋಬರಿನಲ್ಲಿ ತೆರೆದ, 9 ಕಿಲೋಮೀಟರು ಉದ್ದದ ಅಟಲ್ ಸುರಂಗವು ಮೋಟಾರುಗಳನ್ನು ರೋಹ್ತಾಂಗಿನ ಅಡಿಯಿಂದಲೇ ದಾಟಿಸಿಬಿಡುತ್ತದೆ. ಹಳೆಯ ಏರುದಾರಿಯನ್ನೇ ಹಿಡಿಯುವವರು ತಾವಾಗಿ ಬಯಸಿ ಹತ್ತುವವರು.

ಹೊರಡುವ ಮುನ್ನ, ನಾಲ್ವರಲ್ಲಿ ಮಿತಭಾಷಿಯಾದವನು ಚಕ್ರದ ಕಡ್ಡಿಗಳನ್ನು ಬಿಗಿಮಾಡುತ್ತ ಒಂದು ಮಾತು ಹೇಳಿದನು:

“ತಲೆ ನೋಯತೊಡಗಿದರೆ ಯಾರೂ ಮುಚ್ಚಿಡಬಾರದು. ಒಬ್ಬನು ನಿಂತರೆ ನಾಲ್ವರೂ ನಿಲ್ಲಬೇಕು.”

ಅವನು ನಕ್ಷೆಯನ್ನು ಓದಿಕೊಂಡಿದ್ದನು. ಎತ್ತರದ ಕಾಯಿಲೆಗೆ ಕೆಳಗಿಳಿಯುವುದೇ ನಂಬಿಕೆಯ ಮದ್ದು. ಆದರೆ ಸರ್ಚುವಿನಲ್ಲೋ ಪಾಂಗಿನಲ್ಲೋ ಹಾಸಿಗೆ ಹಿಡಿದವನಿಗೆ ಹಿಂದೆಯೂ ಒಂದು ಕಂಡಿ, ಮುಂದೆಯೂ ಒಂದು ಕಂಡಿ. ಇಳಿಯಬೇಕಾದರೂ ಮೊದಲು ಹತ್ತಲೇಬೇಕು. ಅಲ್ಲಿ ಆಡಬೇಕಾದ ಮಾತನ್ನು ಇಲ್ಲಿಯೇ ಆಡಿ ಮುಗಿಸುವುದು ಲೇಸು.

ಉಳಿದವರು ನಕ್ಕು ಒಪ್ಪಿದರು. ಪ್ರವಾಸದ ಮುಂದಾಳು, ವರ್ಷವಿಡೀ ಯೋಜನೆ ಹೂಡಿದವನು, ಎಲ್ಲರಿಗಿಂತ ಕೊನೆಗೆ ತಲೆಯಾಡಿಸಿದನು.

ಪುರಾಣಗಳ ವಿಪಾಶೆಯಾದ ಬಿಯಾಸ್ ನದಿ ಒಂದು ಮಗ್ಗುಲಿಗೆ ಮೊರೆಯುತ್ತಿತ್ತು. ಪಲ್ಚಾನಿನಲ್ಲಿ ಸುರಂಗದ ದಾರಿ ಬೇರೆಯಾಯಿತು. ಕೋಠಿ ಹಿಂದೆ ಬಿತ್ತು. ಗುಲಾಬಾದ ತಿರುವುಗಳಲ್ಲಿ ದೇವದಾರುಗಳು ವಿರಳವಾದುವು. ಹೊರೆ ಹೊತ್ತ ಸೈಕಲ್ಲುಗಳು ಅತಿ ಚಿಕ್ಕ ಗೇರಿನಲ್ಲಿ, ಮನುಷ್ಯನ ನಡಿಗೆಗಿಂತ ತುಸುವೇ ಬೇಗನೆ, ತೆವಳುತ್ತ ಸಾಗಿದುವು. ಮುಂದಾಳು ಎಲ್ಲರಿಗಿಂತ ಮುಂದೆ. ಸಂಜೆಗೆ, 3,300 ಮೀಟರು ಮೀರಿದ ಮಢಿಯ ಹುಲ್ಲುಗಾವಲಿನಲ್ಲಿ ಡೇರೆಗಳೆದ್ದುವು. ಒಂದೇ ಹಗಲಿನಲ್ಲಿ ಅಷ್ಟು ಏರಿ ಅಲ್ಲಿಯೇ ಮಲಗುವುದು ದೇಹಕ್ಕೆ ಒಗ್ಗುವ ಕ್ರಮವಲ್ಲ. ಮೂರು ಸಾವಿರ ಮೀಟರು ದಾಟಿದ ಬಳಿಕ ರಾತ್ರಿಯ ತಂಗುದಾಣವನ್ನು ದಿನಕ್ಕೆ ಐನೂರಕ್ಕಿಂತ ಹೆಚ್ಚು ಏರಿಸಬಾರದೆನ್ನುತ್ತಾರೆ ಬಲ್ಲವರು. ಮುಂದಾಳು ಆ ರಾತ್ರಿ ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದನು.

“ಏನಾಯಿತು?”

“ಏನಿಲ್ಲ. ದಣಿವು.”

ಮರುದಿನ ಎಲ್ಲರಿಗಿಂತ ಮೊದಲೆದ್ದು ಚೀಲ ಕಟ್ಟುತ್ತಿದ್ದವನೂ ಅವನೇ. ಎದುರಿಗೆ ರೋಹ್ತಾಂಗಿನ ತಿರುವುಗಳು ಎಳೆಬಿಸಿಲಿನಲ್ಲಿ ಹೊಳೆಯುತ್ತಿದ್ದುವು. ಬಕ್ಕಲ್ಲಿನ ನಾಲಿಗೆ ತೂತಿಗೆ ಸೇರಲೊಲ್ಲದು. ಎರಡು ಬಾರಿ, ಮೂರು ಬಾರಿ ಯತ್ನಿಸಿದ ಕೈ ಕೊನೆಗೆ ನಿಂತಿತು.

“ನಿನ್ನೆ ಸಂಜೆಯಿಂದ ತಲೆ ಸಿಡಿಯುತ್ತಿದೆ,” ಎಂದನು ಅವನು, ಯಾರ ಮುಖವನ್ನೂ ನೋಡದೆ.

ಯಾರೂ ಮಾತು ಬೆಳೆಸಲಿಲ್ಲ. ಮಿತಭಾಷಿಯು ತನ್ನ ಸೈಕಲ್ಲಿನ ಮೂತಿಯನ್ನು ಇಳಿಜಾರಿನತ್ತ ತಿರುಗಿಸಿದನು, ಉಳಿದೆರಡೂ ತಿರುಗಿದುವು. ಅರ್ಧ ಹಗಲು ಹತ್ತಿದ ದಾರಿ ಗಂಟೆಯೊಳಗೆ ಇಳಿದುಹೋಯಿತು. ಸುಮಾರು ಎಂಟುನೂರು ಮೀಟರು ಕೆಳಗಿನ ಕೋಠಿಯಲ್ಲಿ ಮುಂದಾಳು ಸಂಜೆಯವರೆಗೆ ನಿದ್ರಿಸಿ ಎದ್ದು, ಹಸಿವೆಂದನು. ಲೆಕ್ಕದ ಪುಸ್ತಕದಲ್ಲಿ ಎರಡು ದಿನಗಳು ವ್ಯರ್ಥವಾದುವು.

ಮೂರನೆಯ ಮುಂಜಾನೆ ನಾಲ್ವರೂ ಮತ್ತೆ ಹೊರಟರು. ಈ ಬಾರಿ ಎಲ್ಲರಿಗಿಂತ ನಿಧಾನವಾಗಿ ತುಳಿಯುವವನು ಮುಂದೆ, ಮುಂದಾಳು ಕೊನೆಗೆ. ಪ್ರತಿಯೊಂದು ತಂಗುದಾಣದಲ್ಲಿಯೂ ಸೈಕಲ್ಲಿನಿಂದ ಇಳಿಯುವ ಮೊದಲೇ ಅವನು ಕೇಳುತ್ತಿದ್ದನು:

“ತಲೆ ಹೇಗಿದೆ?”

ಮನಾಲಿಯ ಅಂಗಳದಲ್ಲಿ ನಕ್ಕವರು ಈಗ ನಗದೆ, ಒಬ್ಬೊಬ್ಬರಾಗಿ ಉತ್ತರ ಹೇಳುತ್ತಿದ್ದರು.