ವಾದವೂ ವಿಶ್ವಾಸವೂ

ಕಲೆಗಳಲ್ಲಿ ಕೆಲವು ಏಕಾಂತದಲ್ಲಿ ಅರಳುತ್ತವೆ. ಕವಿಗೆ ಒಂದು ಹಾಳೆ, ಒಂದು ಲೇಖನಿ ದೊರೆತರೆ ಸಾಕು. ಚಿತ್ರಕಾರನು ಬಾಗಿಲು ಮುಚ್ಚಿಕೊಂಡು ದಿನಗಟ್ಟಲೆ ಒಬ್ಬನೇ ದುಡಿಯಬಲ್ಲನು. ನಾಟಕ, ಚಲನಚಿತ್ರಗಳ ಮಾತು ಬೇರೆ. ಅಲ್ಲಿ ಒಬ್ಬನ ಕೈಗೆ ಇನ್ನೊಬ್ಬನ ಕೈ ಕೂಡದೆ ಕೆಲಸ ಸಾಗದು. ನಟನಿಗೆ ಎದುರು ನಟ ಬೇಕು. ಇಬ್ಬರ ಮುಖವೂ ಕಾಣುವಂತೆ ಬೆಳಕನ್ನು ಹೊಂದಿಸುವವನು ಬೇಕು. ಎಲ್ಲರನ್ನೂ ಒಂದು ದಾರಿಯಲ್ಲಿ ನಡೆಸುವವನು ಬೇಕು. ಆದುದರಿಂದಲೇ ಇಂತಹ ಕಲೆಗಳನ್ನು ಕಲಿಸುವ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘಕ್ಕೆ ವಾರ್ಷಿಕೋತ್ಸವಕ್ಕೆ ಹಾರ ತುರಾಯಿ ತರುವುದಷ್ಟೇ ಕೆಲಸವಾಗಿರುವುದಿಲ್ಲ. ಯಾರ ಜೊತೆ ಯಾರು ದುಡಿಯಬೇಕು, ಯಾರಿಗೆ ಅವಕಾಶ ದೊರೆಯಬೇಕು ಎಂಬುದು ಅಲ್ಲಿ ಪಾಠದ ಪ್ರಶ್ನೆಯೂ ಹೌದು, ಸಂಘದ ಪ್ರಶ್ನೆಯೂ ಹೌದು.

ಪುಣೆಯ ಚಲನಚಿತ್ರ ಸಂಸ್ಥೆಯಲ್ಲಿ ಈ ಪ್ರಶ್ನೆ ಒಮ್ಮೆ ಬಹಳ ತೀವ್ರವಾಗಿ ಎದ್ದಿತು. ಆ ನಗರದ ಲಾ ಕಾಲೇಜು ರಸ್ತೆಯಲ್ಲಿರುವ ಆ ಆವರಣಕ್ಕೆ ತನ್ನದೇ ಆದ ಚರಿತ್ರೆಯುಂಟು. 1933ರಲ್ಲಿ ಕೊಲ್ಹಾಪುರದಿಂದ ಪುಣೆಗೆ ಬಂದ ಪ್ರಭಾತ್ ಫಿಲ್ಮ್ ಕಂಪನಿಯ ಸ್ಟುಡಿಯೋ ಅದು. 1936ರ ‘ಸಂತ ತುಕಾರಾಮ್’ ಚಿತ್ರವನ್ನು ನಿರ್ಮಿಸಿದ ಕಂಪನಿ ಅದೇ. ಕಂಪನಿಯ ಕಾಲ ಮುಗಿದ ಮೇಲೆ, 1960ರಲ್ಲಿ, ಭಾರತ ಸರ್ಕಾರವು ಅದೇ ಸ್ಥಳದಲ್ಲಿ ಚಲನಚಿತ್ರ ಶಿಕ್ಷಣದ ಸಂಸ್ಥೆಯನ್ನು ತೆರೆಯಿತು. ಆವರಣದೊಳಗಿನ ಒಂದು ಮರಕ್ಕೆ ‘ವಿಸ್ಡಮ್ ಟ್ರೀ’, ಅಂದರೆ ಅರಿವಿನ ಮರವೆಂದು ಹೆಸರು. ತರಗತಿ ಮುಗಿದರೂ ಮಾತು ಮುಗಿಯದವರು ಅದರ ನೆರಳಿನಲ್ಲಿ ಸೇರುತ್ತ ಬಂದಿದ್ದಾರೆ. ಬಂಗಾಳದ ಹಿರಿಯ ಚಿತ್ರನಿರ್ದೇಶಕ ಋತ್ವಿಕ್ ಘಟಕ್ 1960ರ ದಶಕದಲ್ಲಿ ಈ ಸಂಸ್ಥೆಯಲ್ಲಿ ಕಲಿಸಿದರು. ಕನ್ನಡದ ಗಿರೀಶ ಕಾಸರವಳ್ಳಿಯವರು ಕಲಿತದ್ದೂ ಇಲ್ಲಿಯೇ.

ಅಲ್ಲಿ ನಿರ್ದೇಶನ, ಛಾಯಾಗ್ರಹಣ, ಸಂಕಲನ, ಧ್ವನಿಗ್ರಹಣ ಎಂದು ಬೇರೆ ಬೇರೆ ವಿಭಾಗಗಳಿದ್ದವು; ನಟನೆಗೂ ಒಂದು ವಿಭಾಗವಿತ್ತು. ವ್ಯಾಸಂಗದ ಕೊನೆಗೆ ನಿರ್ದೇಶನದ ವಿದ್ಯಾರ್ಥಿಯು ಒಂದು ಡಿಪ್ಲೊಮಾ ಚಿತ್ರವನ್ನು ತಯಾರಿಸಬೇಕು. ಅದೇ ಅವನ ಪರೀಕ್ಷೆ. ನಾಳೆ ಕೆಲಸ ಕೇಳಿಕೊಂಡು ಹೋದಾಗ ತೋರಿಸಬೇಕಾದ ಯೋಗ್ಯತಾಪತ್ರವೂ ಅದೇ. 1974-75ರ ಸುಮಾರಿನಲ್ಲಿ ನಟನಾ ವಿಭಾಗದ ವಿದ್ಯಾರ್ಥಿಗಳು ಒಂದು ಬೇಡಿಕೆ ಮುಂದಿಟ್ಟರು. ಈ ಡಿಪ್ಲೊಮಾ ಚಿತ್ರಗಳ ಪಾತ್ರಗಳಿಗೆ ಸಂಸ್ಥೆಯ ನಟರನ್ನೇ ತೆಗೆದುಕೊಳ್ಳಬೇಕು ಎಂಬುದು ಅವರ ಆಗ್ರಹ. ಈಜು ಕಲಿಯಬಂದವನನ್ನು ದಡದಲ್ಲಿಯೇ ನಿಲ್ಲಿಸಿದರೆ ಅವನು ಕಲಿಯುವುದೇನನ್ನು? ಕ್ಯಾಮೆರಾದ ಮುಂದೆ ನಿಲ್ಲದೆ ಚಿತ್ರನಟನಾಗುವುದು ಹೇಗೆ? ಅವರ ಮಾತಿನಲ್ಲಿ ನ್ಯಾಯವಿತ್ತು.

ಆದರೆ ಎದುರು ಪಕ್ಷದಲ್ಲಿಯೂ ನ್ಯಾಯವಿತ್ತು. ತನ್ನ ಕಥೆಯ ಮುದುಕನಿಗೆ, ಬಾಲಕನಿಗೆ, ಹಳ್ಳಿಯ ಹೆಂಗಸಿಗೆ ತಕ್ಕ ಮುಖವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವಿಲ್ಲದಿದ್ದರೆ ನಿರ್ದೇಶಕನು ನಿರ್ದೇಶಕನಾಗುವುದೆಂತು? ಚಿತ್ರ ಕೆಟ್ಟರೆ ಅದರ ಹೊಣೆಯನ್ನು ಹೊರುವವನು ಅವನೇ ತಾನೆ? ಒಂದು ಪಕ್ಷವು ಕಲಿಯುವ ಹಕ್ಕನ್ನು ಕೇಳುತ್ತಿತ್ತು, ಇನ್ನೊಂದು ಪಕ್ಷವು ಆಯ್ಕೆಯ ಹಕ್ಕನ್ನು. ಸತ್ಯಕ್ಕೂ ಸುಳ್ಳಿಗೂ ನಡುವೆ ತೀರ್ಪು ಕೊಡುವುದು ಸುಲಭ. ಎರಡು ಸತ್ಯಗಳು ಎದುರುಬದುರಾಗಿ ನಿಂತಾಗಲೇ ಕಷ್ಟ. ನಟನಾ ವಿದ್ಯಾರ್ಥಿಗಳು ಮುಷ್ಕರ ಹೂಡಿದರು. ಅವರ ಮುಂಚೂಣಿಯಲ್ಲಿದ್ದವರಲ್ಲಿ ನಸೀರುದ್ದೀನ್ ಶಾ ಒಬ್ಬರು. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ತರಬೇತಿ ಮುಗಿಸಿಕೊಂಡು ಪುಣೆಗೆ ಬಂದಿದ್ದ ತರುಣ ಅವರು.

ಆಗ ಸಂಸ್ಥೆಯ ಮುಖ್ಯಸ್ಥರಾಗಿದ್ದವರು ಕನ್ನಡದ ನಾಟಕಕಾರ ಗಿರೀಶ ಕಾರ್ನಾಡರು. ‘ತುಘಲಕ್’, ‘ಹಯವದನ’ಗಳನ್ನು ಬರೆದು ಹೆಸರಾಗಿದ್ದ ಅವರಿಗೆ ಇನ್ನೂ ನಲವತ್ತು ತುಂಬಿರಲಿಲ್ಲ. ವಿದ್ಯಾರ್ಥಿ ಸಂಘವೆಂದರೇನೆಂಬುದು ಅವರಿಗೆ ಹೊಸದಲ್ಲ. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿ, ರೋಡ್ಸ್ ವಿದ್ಯಾರ್ಥಿವೇತನ ಪಡೆದು ಇಂಗ್ಲೆಂಡಿಗೆ ಹೋಗಿದ್ದ ಅವರು 1962-63ರ ಸಾಲಿನಲ್ಲಿ ಆಕ್ಸ್‌ಫರ್ಡ್ ಯೂನಿಯನ್ನಿನ ಅಧ್ಯಕ್ಷರಾಗಿ ಚುನಾಯಿತರಾಗಿದ್ದರು. 1823ರಲ್ಲಿ ಹುಟ್ಟಿದ ಆ ಸಂಘ ಚರ್ಚೆಗೆ ಮೀಸಲಾದುದು. ವಾದ ಮುಗಿದ ಮೇಲೆ ಸದಸ್ಯರು ಎದ್ದು ಹೊರಡುತ್ತಾರೆ. ಬಾಗಿಲಿನ ಒಂದು ಬದಿಯಿಂದ ಹೋದವರನ್ನು ಪರವೆಂದೂ ಇನ್ನೊಂದು ಬದಿಯಿಂದ ಹೋದವರನ್ನು ವಿರೋಧವೆಂದೂ ಎಣಿಸುತ್ತಾರೆ. ಆದರೆ ಎರಡೂ ಬದಿಯವರು ಹೋಗಿ ಸೇರುವುದು ಒಂದೇ ಬಯಲಿಗೆ. ಹತ್ತು ವರ್ಷಗಳ ಹಿಂದೆ ಅಂತಹ ಸಭೆಯ ಪೀಠದಲ್ಲಿ ಕುಳಿತಿದ್ದವರು ಈಗ ಆಡಳಿತದ ಕುರ್ಚಿಯಲ್ಲಿದ್ದರು. ವಿದ್ಯಾರ್ಥಿಗಳ ಘೋಷಣೆ ಅವರ ವಿರುದ್ಧವೇ ಕೇಳಿಬರುತ್ತಿತ್ತು.

ಮುಷ್ಕರಗಳು ಒಂದು ದಿನ ಮುಗಿಯುತ್ತವೆ. ಮನಸ್ಸಿನಲ್ಲಿ ಉಳಿದ ಕಹಿ ಅಷ್ಟು ಬೇಗ ಮುಗಿಯುವುದಿಲ್ಲ. ಎದುರು ನಿಂತ ವಿದ್ಯಾರ್ಥಿಯ ಹೆಸರನ್ನು ನೆನಪಿನಲ್ಲಿಟ್ಟುಕೊಂಡು, ಸಮಯ ಬಂದಾಗ ಸೇಡು ತೀರಿಸಿಕೊಂಡ ಅಧಿಕಾರಿಗಳು ಲೋಕದಲ್ಲಿ ವಿರಳವಲ್ಲ. ಸೇಡಿಗೆ ಬೈಗುಳವೇ ಬೇಕೆಂದಿಲ್ಲ. ಬಾಯಿಬಿಡಬೇಕಾದಲ್ಲಿ ಸುಮ್ಮನಿದ್ದರೂ ಸಾಕು. ಅಂತಹ ಸಂದರ್ಭ ಕಾರ್ನಾಡರಿಗೂ ಒದಗಿತು. ಶ್ಯಾಮ್ ಬೆನೆಗಲ್ ಅವರು ‘ನಿಶಾಂತ್’ ಎಂಬ ಚಿತ್ರಕ್ಕೆ ಹೊಸ ನಟನೊಬ್ಬನನ್ನು ಹುಡುಕುತ್ತಿದ್ದರು. ಕಾರ್ನಾಡರು ಸೂಚಿಸಿದ್ದು, ತಮ್ಮ ವಿರುದ್ಧ ಮುಷ್ಕರ ನಡೆಸಿದ ಆ ತರುಣನ ಹೆಸರನ್ನೇ! ಅವರು ಮೌನವಾಗಿದ್ದರೆ ಯಾರೂ ಕೇಳುತ್ತಿರಲಿಲ್ಲ. ಯಾರಿಗೂ ತಿಳಿಯುತ್ತಲೂ ಇರಲಿಲ್ಲ. ಶಾ ಅವರು 2014ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯಲ್ಲಿ ಪುಣೆಯ ಆ ದಿನಗಳನ್ನು ಕುರಿತು ಬರೆದಿದ್ದಾರೆ.

‘ನಿಶಾಂತ್’ 1975ರಲ್ಲಿ ತೆರೆಕಂಡಿತು. ಅದರಲ್ಲಿ ಶಾ ಅವರದು ಜಮೀನ್ದಾರ ಮನೆತನದ ಕಿರಿಯ ತಮ್ಮನ ಪಾತ್ರ. ಆ ಮನೆತನದಿಂದ ಅನ್ಯಾಯಕ್ಕೊಳಗಾದ ಶಾಲಾ ಉಪಾಧ್ಯಾಯನ ಪಾತ್ರ ಸ್ವತಃ ಕಾರ್ನಾಡರದು. ಮರುವರ್ಷ, 1976ರಲ್ಲಿ, ಬೆನೆಗಲ್ ಅವರ ‘ಮಂಥನ್’ ಬಂದಿತು. ಗುಜರಾತಿನ 5 ಲಕ್ಷ ಹಾಲು ಉತ್ಪಾದಕರು ತಲಾ 2 ರೂಪಾಯಿ ಕೂಡಿಸಿ ನಿರ್ಮಿಸಿದ ಚಿತ್ರವದು. ಅದರಲ್ಲಿ ಹಳ್ಳಿಗೆ ಬಂದು ಸಹಕಾರ ಸಂಘ ಕಟ್ಟಲು ಹೆಣಗುವ ವೈದ್ಯರಾಗಿ ಕಾರ್ನಾಡರೂ, ಅವರನ್ನು ಮೊದಮೊದಲು ನಂಬದೆ ಸಿಡಿದು ನಿಲ್ಲುವ ಹಳ್ಳಿಯ ತರುಣನಾಗಿ ಶಾ ಅವರೂ ಅಭಿನಯಿಸಿದರು. ಕಥೆಯ ಕೊನೆಗೆ ಸಂಘದ ಭಾರ ಆ ತರುಣನ ಹೆಗಲಿಗೇ ಬೀಳುತ್ತದೆ. ಪುಣೆಯಲ್ಲಿ ಎದುರುಬದುರಾಗಿ ನಿಂತಿದ್ದವರು ಕ್ಯಾಮೆರಾದ ಮುಂದೆ ಒಟ್ಟಿಗೆ ನಿಂತರು.

ಇದರಿಂದ ಮೂಲ ಪ್ರಶ್ನೆ ಬಗೆಹರಿಯಿತೆಂದು ತಿಳಿಯಬಾರದು. ಮುಂದೆ ಕೆಲವೇ ವರ್ಷಗಳಲ್ಲಿ ಆ ಸಂಸ್ಥೆಯ ನಟನಾ ವಿಭಾಗವೇ ಮುಚ್ಚಿಹೋಯಿತು. ಅದು ಮತ್ತೆ ತೆರೆದದ್ದು 2004ರಲ್ಲಿ. ಒಬ್ಬ ನಟನಿಗೆ ದಾರಿ ದೊರೆತ ಮಾತ್ರಕ್ಕೆ ಅವನೊಡನೆ ನಿಂತ ಎಲ್ಲರಿಗೂ ನ್ಯಾಯ ದೊರೆತಂತಾಗುವುದಿಲ್ಲ. ಸಂಘಗಳು ಬೇಕಾಗುವುದು ಈ ಕಾರಣಕ್ಕಾಗಿಯೇ. ದೊಡ್ಡವರ ಔದಾರ್ಯ ಒಬ್ಬನನ್ನು ಕೈಹಿಡಿದು ಎತ್ತಬಹುದು. ಉಳಿದವರ ಅಳಲನ್ನು ಸಭೆಯ ಮುಂದೆ ಇಡಲು ಸಂಘವೇ ಬೇಕು.

ಅದೇ ಆವರಣದಲ್ಲಿ 2015ರ ಜೂನ್ 12ರಂದು ಮತ್ತೊಂದು ಮುಷ್ಕರ ಮೊದಲಾಯಿತು. ಸಂಸ್ಥೆಯ ಸೊಸೈಟಿಗೆ ಸರ್ಕಾರ ಮಾಡಿದ ಅಧ್ಯಕ್ಷರ ನೇಮಕವನ್ನು ವಿದ್ಯಾರ್ಥಿ ಸಂಘ ಒಪ್ಪಲಿಲ್ಲ. 139 ದಿನಗಳ ಬಳಿಕ, ಅಕ್ಟೋಬರ್ 28ರಂದು, ಮುಖ್ಯ ಬೇಡಿಕೆ ಈಡೇರದೆಯೇ ಸಂಘವು ಮುಷ್ಕರವನ್ನು ನಿಲ್ಲಿಸಿತು. ವಿರೋಧವನ್ನು ಬೇರೆ ಬಗೆಯಲ್ಲಿ ಮುಂದುವರಿಸುವುದಾಗಿ ಹೇಳಿ ವಿದ್ಯಾರ್ಥಿಗಳು ತರಗತಿಗಳಿಗೆ ಮರಳಿದರು. ಹಟ ಹಿಡಿಯಲು ಧೈರ್ಯ ಬೇಕು. ಗೆಲ್ಲದೆಯೇ ಕೆಲಸಕ್ಕೆ ಹಿಂದಿರುಗಲು ಇನ್ನೂ ಹೆಚ್ಚಿನ ಧೈರ್ಯ ಬೇಕು. ಎಂದು ನಿಲ್ಲಿಸಬೇಕೆಂಬುದನ್ನು ನೂರಾರು ಮಂದಿ ಕೂಡಿ ತೀರ್ಮಾನಿಸುವುದಂತೂ ಯಾವ ಪಾಠಕ್ಕೂ ಕಡಿಮೆಯಾದುದಲ್ಲ.

ನಾಟಕದಲ್ಲಿ ನಾಯಕನಿಗೆ ಪ್ರತಿನಾಯಕನಿಲ್ಲದೆ ನಡೆಯದು. ವೇದಿಕೆಯ ಮೇಲೆ ಕತ್ತಿ ಹಿರಿದವರು ಪರದೆಯ ಹಿಂದೆ ಒಂದೇ ಲೋಟದ ಚಹಾ ಹಂಚಿಕೊಂಡು ಕುಡಿಯುತ್ತಾರೆ. ಎದುರು ಮಾತನಾಡಿದವನ ಪ್ರತಿಭೆಯನ್ನು ಆ ಎದುರುಮಾತಿನಿಂದ ಬೇರ್ಪಡಿಸಿ ನೋಡಬಲ್ಲ ಗುರುವೂ, ಗುರುವನ್ನು ಗೌರವಿಸುತ್ತಲೇ ಅವನೆದುರು ತನ್ನವರ ಪರವಾಗಿ ನಿಲ್ಲಬಲ್ಲ ಶಿಷ್ಯನೂ ಒಂದೇ ಅಂಗಳದಲ್ಲಿ ಕೂಡುವುದು ಅಪರೂಪ. ಅಂತಹ ಕೂಟಕ್ಕೆ ಎಡೆ ಮಾಡಿಕೊಡಬಲ್ಲ ವಿದ್ಯಾರ್ಥಿ ಸಂಘವು ಕಾಲೇಜಿನ ಭಾಗ್ಯವೆಂದೇ ಹೇಳಬೇಕು.