ಬೂಟಿನ ಪಟ್ಟಿ

ಮೊನ್ನೆ ಅಪ್ರೈಸಲ್ ಮೀಟಿಂಗಿನಲ್ಲಿ ಮ್ಯಾನೇಜರ್ ನನ್ನನ್ನು ಹೊಗಳುತ್ತಾ, 'ಯು ಪುಲ್ಡ್ ಯುವರ್‌ಸೆಲ್ಫ್ ಅಪ್ ಬೈ ಯುವರ್ ಬೂಟ್‌ಸ್ಟ್ರ್ಯಾಪ್ಸ್' ಅಂದರು. ಯಾರ ಹಂಗೂ ಇಲ್ಲದೆ ಸ್ವಂತ ಬಲದಿಂದ ಮೇಲೆ ಬಂದವನು ಅಂತ. ಥಟ್ಟನೆ ಥ್ಯಾಂಕ್ಸ್ ಅಂದೆ.

ತಮಾಷೆ ಅಂದ್ರೆ, 19ನೇ ಶತಮಾನದ ಅಮೆರಿಕದಲ್ಲಿ ಈ ಮಾತು ಶುರುವಾಗಿದ್ದು ಗೇಲಿಗೆ. ಹಾಕಿಕೊಂಡ ಬೂಟಿನ ಪಟ್ಟಿ ಹಿಡಿದೆಳೆದು ತನ್ನನ್ನು ತಾನೇ ಎತ್ತಿಕೊಳ್ಳೋಕೆ ಯಾರಿಗಾದರೂ ಆಗುತ್ತಾ? ಆಗದ ಕೆಲಸಕ್ಕೆ ಹೇಳುತ್ತಿದ್ದ ಮಾತು ಆಮೇಲೆ ಶಹಬ್ಬಾಸ್‌ಗಿರಿ ಆಯ್ತು.

ನಾವು ಕಂಪ್ಯೂಟರ್ 'ಬೂಟ್' ಮಾಡೋದೂ ಇದೇ ಪದದಿಂದ ಬಂದದ್ದು. ಅದೂ ಬರಿದೇ ತಾನಾಗಿ ಏಳುವುದಿಲ್ಲ. ಆಪರೇಟಿಂಗ್ ಸಿಸ್ಟಮ್ಮನ್ನು ಎಬ್ಬಿಸಲು, ಚಿಪ್ಪಿನೊಳಗೆ ಯಾರೋ ಮೊದಲೇ ಬರೆದಿಟ್ಟ ಪುಟ್ಟ ಪ್ರೋಗ್ರಾಮ್ ಇರಲೇಬೇಕು. ಸಿಸ್ಟಮ್ ಎದ್ದಮೇಲೆ ಅದನ್ನು ಯಾರೂ ನೆನೆಯಲ್ಲ.

ನಮ್ಮಕ್ಕ ಎಸ್ಸೆಸ್ಸೆಲ್ಸಿಗೇ ಓದು ಬಿಟ್ಟು ಗಾರ್ಮೆಂಟ್ಸ್ ಸೇರಿದಳು. ನನ್ನ ಬಿಇ ಫೀಸು ಕಟ್ಟಿದ್ದು ಆ ಸಂಬಳ. ಮಾರ್ಕ್ಸು ನನಗಿಂತ ಅವಳದ್ದೇ ಜಾಸ್ತಿ ಇತ್ತು.

ರಾತ್ರಿ ಫೋನ್ ಮಾಡಿ ಮ್ಯಾನೇಜರ್ ಅಂದಿದ್ದನ್ನು ಹೇಳಿದೆ.

"ಬೂಟಾ? ಕಾಲೇಜಿಗೆ ಹೋಗುವಾಗ ನಿನ್ನ ಕಾಲಲ್ಲಿ ಹವಾಯಿ ಚಪ್ಪಲಿ ಇದ್ದಿದ್ದಲ್ವೇನೋ!" ಅಂತ ನಕ್ಕಳು.

ನಾನೂ ನಕ್ಕೆ. ಮ್ಯಾನೇಜರಿಗೆ ಅಷ್ಟು ಸಲೀಸಾಗಿ ಹೇಳಿದ ಥ್ಯಾಂಕ್ಸು ಅವಳ ಹತ್ತಿರ ಬಾಯಿಗೆ ಬರಲಿಲ್ಲ.